ದೇವರ ಪಾಲಿನ ಕಾಫಿ

ನಿಮಗೆ ಗಡಿಯೆಂದರೆ ಚಂದ್ರಗಿರಿ ಹೊಳೆ. ನಮ್ಮ ಹಿಂದೂಪುರದವರಿಗೆ ಅಂಥದ್ದೇನೂ ಇಲ್ಲ. ಬಸ್ಸಿನಲ್ಲಿ ತುಸು ತೂಕಡಿಸಿ ಕಣ್ಣು ಬಿಟ್ಟರೆ ಅಂಗಡಿಗಳ ಬೋರ್ಡು ಕನ್ನಡಕ್ಕೆ ತಿರುಗಿರುತ್ತದೆ. ಗೌರಿಬಿದನೂರಿನ ಸೀಮೆ ಬಂತೆಂದು ಲೆಕ್ಕ. ಸಂತೆಯಲ್ಲಿ ತೆಲುಗಿನಲ್ಲಿ ಬೆಲೆ ಕೇಳಿ, ಕನ್ನಡದಲ್ಲಿ ಚೌಕಾಸಿ ಮಾಡುವವರು ನಾವು. ನಾನಿಲ್ಲಿ ಬ್ಯಾಂಕಿನ ಗುಮಾಸ್ತ. ಇಲ್ಲಿ ಹೇಳಹೊರಟಿರುವುದು ನನ್ನ ತಮ್ಮನ ಕಾಫಿ ವ್ಯಾಪಾರದ ಸಂಗತಿ.

ತಮ್ಮ ಕಲ್ಯಾಣದುರ್ಗದ ಬಳಿ ನಮ್ಮ ಹಿರಿಯರ ಹೊಲದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ. ಅನಂತಪುರ ಸೀಮೆಯಲ್ಲಿ ವರ್ಷವೆಲ್ಲಾ ಸೇರಿದರೆ ಸುಮಾರು 550 ಮಿಲಿಮೀಟರು ಮಳೆ. ಕಾಸರಗೋಡಿನಲ್ಲಿ ಆಷಾಢವೊಂದೇ ಅಷ್ಟು ಸುರಿಸಿಬಿಡುತ್ತದೆ. ಎರಡು ವರ್ಷ ಸಾಲಾಗಿ ಬೆಳೆ ಒಣಗಿತು. ಮೂರನೆಯ ವರ್ಷ ಬಿತ್ತನೆ ಮಾಡದೆ, ಹೆಗಲಿಗೊಂದು ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದ.

"ಅಣ್ಣಯ್ಯ, ಮಳೆ ನಮ್ಮ ಕೈಲಿಲ್ಲ. ಹಾಲು ಕಾಯ್ಸೋದು ನಮ್ಮ ಕೈಲೈತೆ. ಗಾಡಿ ಮೇಲೆ ಕಾಫಿ ಮಾರ್ತೀನಿ," ಎಂದ.

ಕೆಲಸದ ನಿಯಮದಂತೆ ನಾನು ಹೊರಗೆ ವ್ಯಾಪಾರ ಮಾಡುವಂತಿಲ್ಲ. ಎಲ್ಲವೂ ಅವನ ಹೆಸರಿನಲ್ಲೇ ಆಯಿತು. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಶಿಶು ಎಂಬ ವರ್ಗವಿದೆ. ಐವತ್ತು ಸಾವಿರದವರೆಗೆ ಅಡಮಾನವಿಲ್ಲದೆ ಸಾಲ. ಅದು ಹಳೆಯ ಟಿವಿಎಸ್ ಮೊಪೆಡ್ಡು, ಬಿಸಿ ಆರದ ಎರಡು ಸ್ಟೀಲಿನ ಕ್ಯಾನು, ದೊಡ್ಡ ಫಿಲ್ಟರು, ಒಲೆ, ಸಿಲಿಂಡರುಗಳಿಗೆ ಸಾಲಲಿಲ್ಲ. ನನ್ನಾಕೆ ಎರಡು ಬಳೆ ಬಿಚ್ಚಿ ಕೊಟ್ಟಳು. ಗಿರವಿ ಇಟ್ಟೆವು. ಕ್ಯಾನಿನ ಒಂದು ಮಗ್ಗುಲಿಗೆ ತೆಲುಗಿನಲ್ಲಿ, ಇನ್ನೊಂದು ಮಗ್ಗುಲಿಗೆ ಕನ್ನಡದಲ್ಲಿ ಕಾಫಿ ಎಂದು ಬರೆಸಿದ. ಎರಡು ಲಿಪಿಯ ಅಕ್ಷರಗಳೂ ಎಷ್ಟು ಹತ್ತಿರವೆಂದರೆ, ಬರೆದ ಪೇಂಟರು ಒಂದಕ್ಕೆ ಮಾತ್ರ ದುಡ್ಡು ತೆಗೆದುಕೊಂಡ!

ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಮ್ಮ ತಾತ ಕಣದಲ್ಲಿ ರಾಶಿ ಅಳೆಯುವ ಮೊದಲು ಒಂದು ಮೊರ ಧಾನ್ಯವನ್ನು ದೇವರ ಪಾಲೆಂದು ತೆಗೆದಿಡುತ್ತಿದ್ದರು. ಅದು ಗುಡಿಗೆ ಹೋಗುತ್ತಿರಲಿಲ್ಲ; ಕಣಕ್ಕೆ ಬಂದ ದಾಸಯ್ಯನಿಗೋ, ಕೈಚಾಚಿದ ಮುದುಕಿಗೋ ಸಲ್ಲುತ್ತಿತ್ತು. ತಮ್ಮ ಮೊದಲ ದಿನವೇ ಹೇಳಿದ: "ಈಗ ಈ ಕ್ಯಾನೇ ನನ್ನ ಕಣ. ಇದರಾಗೂ ದೇವರ ಪಾಲು ಇರ್ಬೇಕು."

ಕಾಫಿಗೂ ಧರ್ಮಕ್ಕೂ ಎಲ್ಲಿಯ ನಂಟೆಂದು ನಕ್ಕೆ. ನಗಬಾರದಿತ್ತು. ಯೆಮನ್ನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬ ಫಕೀರರೆಂದೇ ಹೇಳಿಕೆಯಿದೆ. ಅಷ್ಟು ಹಿಂದಕ್ಕೇಕೆ? ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಮನೆಗೆ ಕಳಿಸಿದಾಗ, ಅವರೇ ಸಹಕಾರ ಸಂಘ ಕಟ್ಟಿಕೊಳ್ಳುವಂತೆ ಬೆನ್ನಿಗೆ ನಿಂತವರು ಎ.ಕೆ. ಗೋಪಾಲನ್. 1957ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ತೃಶೂರಿನಲ್ಲಿ ಸಂಘಗಳಾದವು. ಅದೇ 1957ರಲ್ಲಿ ಅವರನ್ನು ಲೋಕಸಭೆಗೆ ಕಳಿಸಿದ್ದು ನಿಮ್ಮ ಕಾಸರಗೋಡು. ನನ್ನ ತಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತಾತನ ಮೊರ.

ನಸುಕಿನ ನಾಲ್ಕಕ್ಕೆ ಎದ್ದು ಡಿಕಾಕ್ಷನ್ ಇಳಿಸುತ್ತಿದ್ದ. ಮೊದಲು ಕೂಲಿಯವರು ಕಾದು ನಿಲ್ಲುವ ಸರ್ಕಲ್ಲು, ಆಮೇಲೆ ಆಸ್ಪತ್ರೆಯ ಗೇಟು. ರಾತ್ರಿಯೆಲ್ಲಾ ರೋಗಿಯ ಬಳಿ ಕೂತು ಹೊರಗೆ ಬಂದವರ ಮುಖ ನೋಡಿಯೇ ಇವನು ಲೋಟ ನೀಡುತ್ತಿದ್ದ. ದುಡ್ಡು ಕೇಳುತ್ತಿರಲಿಲ್ಲ. ಕೊಟ್ಟರೆ ಬೇಡವೆನ್ನುತ್ತಲೂ ಇರಲಿಲ್ಲ.

ಲೆಕ್ಕ ಬರೆಯುವವನು ನಾನು. ಒಂದು ದಿನ 80 ಲೋಟ ಕಾಫಿ ಹೋಗಿದೆ, ಲೋಟಕ್ಕೆ ಹತ್ತರಂತೆ ಬಂದದ್ದು 570 ರೂಪಾಯಿ. ಹಾಲು, ಪುಡಿ, ಸಕ್ಕರೆ, ಗ್ಯಾಸು, ಪೆಟ್ರೋಲಿಗೆ 480. ಉಳಿದದ್ದು 90. ನನಗೆ ರೇಗಿತು.

"ಇಪ್ಪತ್ಮೂರು ಲೋಟ ದೇವರಿಗಾ? ನಿಮ್ಮತ್ತಿಗೆ ಬಳೆ ಯಾವ ದೇವರು ಬಿಡಿಸಿಕೊಡ್ತಾನೆ?"

ಅವನು ತಲೆ ತಗ್ಗಿಸಿ ಲೋಟ ತೊಳೆಯುತ್ತಲೇ ಇದ್ದ. ಉತ್ತರ ಕೊಟ್ಟವಳು ನನ್ನಾಕೆ: "ಬಳೆ ನನ್ನವು. ನೀವ್ಯಾಕೆ ಕೂಗ್ತೀರಿ?" ಆ ರಾತ್ರಿ ಮೂವರೂ ಮಾತಾಡಲಿಲ್ಲ. ಬೆಳಗ್ಗೆ ಒಂದು ಒಪ್ಪಂದವಾಯಿತು: ಎಂಬತ್ತರಲ್ಲಿ ಹತ್ತು ಲೋಟ ದೇವರ ಪಾಲು, ಉಳಿದದ್ದು ವ್ಯಾಪಾರ. ನನ್ನ ಖಾತೆ ಪುಸ್ತಕದಲ್ಲಿ ಅದಕ್ಕೊಂದು ಕಲಂ ಗೆರೆ ಎಳೆದೆ. ಹತ್ತು ಎಂಬುದು ಹನ್ನೆರಡು, ಹದಿಮೂರು ಆಗುತ್ತಿತ್ತು. ನಾನೂ ನೋಡಿ ನೋಡದಂತಿರುವುದನ್ನು ಕಲಿತೆ. ಬಳೆಗಳಲ್ಲಿ ಒಂದನ್ನು ಹದಿನಾಲ್ಕು ತಿಂಗಳಲ್ಲಿ ಬಿಡಿಸಿದೆವು.

ಆಮೇಲೆ ಊರಲ್ಲಿ ಅಮ್ಮ ಜಾರಿ ಬಿದ್ದು ಹಾಸಿಗೆ ಹಿಡಿದರು. ತಮ್ಮ ಮೊಪೆಡ್ಡು ಸಮೇತ ಕಲ್ಯಾಣದುರ್ಗಕ್ಕೆ ಹೋದ. ಒಂದೇ ಜಿಲ್ಲೆಯಲ್ಲಿದ್ದ ನಮ್ಮ ಎರಡೂರುಗಳು 2022ರಲ್ಲಿ ಬೇರೆಯಾಗಿವೆ: ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಅಲ್ಲಿ ಗಿರಾಕಿ ಕಡಿಮೆ, ಬಿಸಿಲು ಏರಿದ ಮೇಲೆ ಕಾಫಿ ಕೇಳುವವರಿಲ್ಲ. ಚೈತ್ರ ವೈಶಾಖದಲ್ಲಿ ಅದೇ ಗಾಡಿಯಲ್ಲಿ ಮಜ್ಜಿಗೆ ಮಾರುತ್ತಾನೆ. ರಾತ್ರಿ ಅಮ್ಮನಿಗೆ ಉಣಿಸಿ ಫೋನು ಮಾಡಿ ಲೆಕ್ಕ ಒಪ್ಪಿಸುತ್ತಾನೆ, ದೇವರ ಪಾಲನ್ನೇ ಮೊದಲು ಹೇಳುತ್ತಾನೆ.

ಹೋದ ತಿಂಗಳು ಅವನ ಸಾಲದ ಕಂತು ಕಟ್ಟಲು ಆಗಲಿಲ್ಲ. ನನ್ನ ಸಂಬಳದಿಂದ ಕಟ್ಟಿದೆ, ಮನೆಯಲ್ಲಿ ತಿಳಿಸಿಲ್ಲ. ಎರಡನೆಯ ಬಳೆ ಇನ್ನೂ ಗಿರವಿಯಲ್ಲೇ ಇದೆ. ಈ ವಾರ್ಷಿಕ ಸಂಚಿಕೆ ನಮ್ಮ ಮನೆಗೂ ಬರುತ್ತದೆ, ಕನ್ನಡದ ಪುಟಗಳನ್ನು ಅವಳು ಒಂದೂ ಬಿಡದೆ ಓದುತ್ತಾಳೆ. ಅಷ್ಟರೊಳಗೆ ಹೇಳಿಬಿಡಬೇಕು.