ಅಬ್ಬನ ವೆಲ್ಡಿಂಗ್ ಯಂತ್ರಕ್ಕೊಂದು ಚೋಕ್

ನಮ್ಮ ಮನೆಖರ್ಚು, ನನ್ನ ಕಾಲೇಜು ಫೀಸು ಎಲ್ಲವೂ ಅಬ್ಬನ ಇನ್ವರ್ಟರ್ ವೆಲ್ಡಿಂಗ್ ಯಂತ್ರದಿಂದಲೇ ನಡೆಯುತ್ತದೆ. ಹಳೆಯ ಯಂತ್ರವನ್ನು ಎತ್ತಲು ಇಬ್ಬರು ಬೇಕಿತ್ತು. ಇದನ್ನು ಹೆಗಲಿಗೆ ಹಾಕಿಕೊಂಡು ಹೋಗಬಹುದು. ಇದು 230 ವೋಲ್ಟಿನ ಕರೆಂಟನ್ನು ಮೊದಲು ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತದೆ. ಆವರ್ತನ ಹೆಚ್ಚಾದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ.

ಆದರೆ ತೆಳು ಪೈಪಿನ ಕೆಲಸಕ್ಕೆ ಕರೆಂಟು ಇಳಿಸಿದರೆ ಆರ್ಕ್ ಆಗಾಗ ನಂದುತ್ತಿತ್ತು. ನಂದಿದ ಕಡೆ ಸ್ಲ್ಯಾಗ್ ಸಿಕ್ಕಿಕೊಂಡರೆ ಬೆಸುಗೆ ದುರ್ಬಲ. ಪರಿಚಯದವರೊಬ್ಬರು, “ಒಳಗಿನ ಬೋರ್ಡಲ್ಲೇ ಸ್ವಲ್ಪ ಬದಲಾಯಿಸಿ ಕೊಡ್ತೇನೆ” ಎಂದರು. ಅಬ್ಬ ಒಪ್ಪಲಿಲ್ಲ. ಯಂತ್ರ ಸುಟ್ಟರೆ ಮನೆಯ ಸಂಪಾದನೆಯೇ ನಿಲ್ಲುತ್ತದೆ. ಮೇಲಾಗಿ ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿದ್ದು ಜೀವ ತೆಗೆಯಬಲ್ಲದು.

ಹಾಗಾಗಿ ಮುಚ್ಚಳ ಬಿಚ್ಚದೆ, ಹೊರಗಿನ ಕೇಬಲ್ಲಿಗೆ ಸರಣಿಯಲ್ಲಿ ಒಂದು ಚೋಕ್ ಸೇರಿಸಿದೆವು. ಗುಜರಿಯಿಂದ ತಂದ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳಿಗೆ ದಪ್ಪ ವೆಲ್ಡಿಂಗ್ ಕೇಬಲ್ ಸುತ್ತಿ, ಪಟ್ಟಿಗಳ ನಡುವೆ ಸಣ್ಣ ಸಂದು ಬಿಟ್ಟೆವು. ಈ ಸಂದು ಬೇಕೇಬೇಕು. ಡಿಸಿ ಒಂದೇ ದಿಕ್ಕಿಗೆ ಹರಿಯುವುದರಿಂದ ಸಂದಿಲ್ಲದ ಕೋರ್ ಬೇಗ ಸ್ಯಾಚುರೇಟ್ ಆಗುತ್ತದೆ; ಆಮೇಲೆ ಚೋಕ್ ಬರೀ ತಂತಿಯಷ್ಟೇ.

ಕರೆಂಟು ಇಳಿಯಲು ಹೊರಟರೆ ಚೋಕ್ ಅದನ್ನು ತಡೆಯುತ್ತದೆ. ಇದೇ ನಾವು ತರಗತಿಯಲ್ಲಿ ಓದಿದ ಲೆನ್ಜ್ ನಿಯಮ. ಚೋಕ್ 1 ಮಿಲಿಹೆನ್ರಿ, ಕರೆಂಟು 60 ಆಂಪಿಯರ್ ಎಂದಿಟ್ಟುಕೊಳ್ಳಿ. ಎಲ್ ಐ ವರ್ಗದ ಅರ್ಧ, ಅಂದರೆ 1.8 ಜೂಲ್ ಶಕ್ತಿ ಅದರಲ್ಲಿ ಕೂಡಿರುತ್ತದೆ. 22 ವೋಲ್ಟಿನ ಆರ್ಕಿಗೆ ಸೆಕೆಂಡಿಗೆ 1320 ಜೂಲ್ ಬೇಕು. ಆ ಶಕ್ತಿ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತಿಗೆ ಸಾಕು. ಕರಗಿದ ಹನಿ ಬೀಳುವಾಗ ಆರ್ಕ್ ಕ್ಷಣಕಾಲ ತಡವರಿಸುತ್ತದೆ. ಈಗ ಅದು ನಂದುವುದು ತೀರಾ ಕಡಿಮೆ.

ಅಂದು ಬೆಸೆದ ಪೈಪುಗಳು ಒಂದು ಮನೆಯ ಮೆಟ್ಟಿಲಿನ ಕಂಬಿಗೆ ಹೋದವು. ಆ ಮನೆಯ ಅಜ್ಜಿ ಅದನ್ನೇ ಹಿಡಿದು ಮೇಲೆ ಹತ್ತುತ್ತಾರೆ. “ಪೈಂಟ್ ಬಿದ್ದ ಮೇಲೆ ಬೆಸುಗೆ ಯಾರಿಗೂ ಕಾಣಲ್ವಲ್ಲ ಅಬ್ಬಾ?” ಎಂದು ಕೇಳಿದೆ. “ಅಲ್ಲಾಹನಿಗೆ ಕಾಣ್ತದೆ ಮಗಾ. ಗಿರಾಕಿಯ ಕೆಲಸ ಅಂದ್ರೆ ಅಮಾನತು” ಎಂದರು.