ಕೋಟೆ ಮೇಲೆ ಮೂರು ಜನ, ಒಂದು ಚೀಲ ಚಕ್ಕೋತ

ಬೆಳಿಗ್ಗೆ ಏಳಕ್ಕೇ ಸಿಗೋಣ ಅಂದವಳು ಅವಳು. ಏರ್‌ಪೋರ್ಟ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೋದರೆ ಮಗಳು ಮತ್ತೆ ಹೊರಗೆ ಬಿಡಲ್ಲವಂತೆ. ಹಾಗಾಗಿ 2025ರ ಗಣೇಶನ ಹಬ್ಬಕ್ಕೆ ಮುಂಚಿನ ಭಾನುವಾರ, ಕತ್ತಲಿರುವಾಗಲೇ ವೈಟ್‌ಫೀಲ್ಡ್‌ನಿಂದ ಕಾರು ತೆಗೆದೆ.

ನಂದಿ ಬೆಟ್ಟಕ್ಕೆ ಹೋಗುವಾಗ ದೇವನಹಳ್ಳಿ ಕೋಟೆಯನ್ನ ನೀವೂ ದಾಟಿರ್ತೀರಿ. ಒಮ್ಮೆ ಇಳಿದು ನೋಡಿ. 1501ರಲ್ಲಿ ಮಲ್ಲಬೈರೇಗೌಡರು ಮಣ್ಣಿನಲ್ಲಿ ಕಟ್ಟಿಸಿದ್ದು, ಹೈದರ್-ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು. ಒಳಗೆ ಈಗಲೂ ಮನೆಗಳಿವೆ, ವೇಣುಗೋಪಾಲಸ್ವಾಮಿ ದೇವಸ್ಥಾನವಿದೆ. ಗೋಡೆ ಹತ್ತಿದರೆ ಗಾಳಿ ಮುಖಕ್ಕೆ ಹೊಡೆಯುತ್ತೆ.

ನಮ್ಮ ಎಸ್ಸೆಸ್ಸೆಲ್ಸಿ ಮುಗಿದಿದ್ದು 2008ರಲ್ಲಿ. ಅದೇ ಬೇಸಿಗೆ ರಜೆಯಲ್ಲಿ, ಮೇ 24ಕ್ಕೆ, ಹೊಸ ವಿಮಾನ ನಿಲ್ದಾಣ ಶುರುವಾಯಿತು. ಇದೇ ಗೋಡೆ ಮೇಲೆ ಕೂತು ವಿಮಾನ ಎಣಿಸ್ತಿದ್ದೆವು. ಲೆಕ್ಕ ತಪ್ಪಿದ್ದು ಯಾರಿಂದ ಅಂತ ಜಗಳ ಬೇರೆ.

ಅವಳು ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕ್ಕೊಂಡೇ ಬಂದಳು. ಗಂಡ ಕ್ಯಾಬ್ ಓಡಿಸ್ತಾರೆ. ಇಬ್ಬರ ಶಿಫ್ಟೂ ಹೊಂದಲ್ಲ, ಮಗಳನ್ನ ಅತ್ತೆ ನೋಡ್ಕೋತಾರೆ. "ದಿನಾ ಅಷ್ಟು ಜನಾನ ವಿಮಾನ ಹತ್ತಿಸಿ ಕಳಿಸ್ತೀವಿ. ನಾನು ಒಂದ್ಸಲಾನೂ ಹತ್ತಿಲ್ಲ ಕಣೇ," ಅಂತ ನಕ್ಕಳು. ನನ್ನ ಕಥೆ ನಿಮಗೆ ಗೊತ್ತಿರೋದೇ: ಟೀಮ್ ಲೀಡ್, ಇಎಂಐ, ಎರಡು ಗಂಟೆ ಟ್ರಾಫಿಕ್. ಅದನ್ನ ಬಿಡಿ.

ಅವನು ಬಂದಿದ್ದು ಎಂಟಕ್ಕೆ, ಹೆಗಲಿಗೊಂದು ಚೀಲ. ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆ ಅಂತ 1,777 ಎಕರೆ ಗುರುತಿಸಿದ್ದ 13 ಹಳ್ಳಿಗಳಲ್ಲಿ ಅವನದೂ ಒಂದು. ಎರಡು ಎಕರೆ. ರಾಗಿ, ಒಂದಷ್ಟು ದ್ರಾಕ್ಷಿ, ಬಾವಿ ಪಕ್ಕ ನಾಲ್ಕು ಚಕ್ಕೋತದ ಮರ. 2022ರ ಏಪ್ರಿಲ್‌ನಲ್ಲಿ ಧರಣಿ ಶುರುವಾದಾಗ ಅವನಪ್ಪ ಬುತ್ತಿ ಕಟ್ಟಿಕೊಂಡು ಹೋಗಿ ಕೂತರಂತೆ. ಇವನು ಹೊಲ ನೋಡ್ಕೊಂಡ.

"ಮದುವೆ ಯಾಕೋ ಆಗ್ಲಿಲ್ಲ?" ಅಂತ ಅವಳು ನೇರ ಕೇಳೇಬಿಟ್ಟಳು.

"ಯಾರ್ ಕೊಡ್ತಾರೆ? ಮೂರು ಕಡೆ ಮಾತು ಮುಗಿಯೋ ಹಂತಕ್ಕೆ ಬಂತು. ಜಮೀನಿಗೆ ನೋಟಿಸ್ ಬಂದಿದೆ ಅಂತ ಗೊತ್ತಾದ ತಕ್ಷಣ ಫೋನ್ ಎತ್ತೋದೇ ಬಿಟ್ರು. ಬೋರ್ ಹಾಕ್ಸೋಕೂ ಭಯ, ಹೊಸ ಗಿಡ ನೆಡೋಕೂ ಭಯ. ನಾಳೆ ನಮ್ದಲ್ಲ ಅಂದ್ರೆ?"

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಭೂಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಕೊಡೋಕೆ ಇಷ್ಟ ಇರೋರಿಂದ ಮಾತ್ರ ತಗೋತೀವಿ ಅಂದರು. ಅವತ್ತು ಇವನು ನಮ್ಮ ವಾಟ್ಸಾಪ್ ಗ್ರೂಪ್‌ಗೆ ಅಪ್ಪನ ಫೋಟೊ ಹಾಕಿದ್ದ. ನಾನು ಒಂದು ಚಪ್ಪಾಳೆ ಎಮೋಜಿ ಹಾಕಿ ಮೀಟಿಂಗ್‌ಗೆ ಹೋದೆ. ಮೂರು ವರ್ಷದಲ್ಲಿ ಒಂದು ಸಲವೂ ಫೋನ್ ಮಾಡಿರಲಿಲ್ಲ. ನಮ್ಮನೆಯಿಂದ ಅವನ ಊರಿಗೆ ಒಂದು ಗಂಟೆ ದಾರಿ.

ಇದನ್ನ ಹೇಳಬೇಕು ಅಂತ ಬಾಯಿ ತೆಗೆದರೆ ಅವನೇ ಕೇಳಿದ, "ನಿಮ್ಮಪ್ಪ ಹೇಗಿದಾರೆ?"

ನಮ್ಮಪ್ಪ 2011ರಲ್ಲೇ ಜಮೀನು ಮಾರಿದರು. ನನ್ನ ಇಂಜಿನಿಯರಿಂಗ್ ಫೀಸು, ಅಣ್ಣನ ಸೈಟು, ಎರಡೂ ಅದರಲ್ಲೇ ಬಂದವು. ಈಗ ಫ್ಲಾಟ್‌ನ ಬಾಲ್ಕನಿಯಲ್ಲಿ ಕುಂಡಕ್ಕೆ ದಿನಕ್ಕೆ ಮೂರು ಸಲ ನೀರು ಹಾಕ್ತಾರೆ. ಎರಡು ಗಿಡ ಕೊಳೆತೇ ಹೋದವು. ಅವರು ಮಾರಿದ್ದು ತಪ್ಪು ಅನ್ನೋಕೆ ನನಗೆ ಬಾಯಿಲ್ಲ.

"ಆರಾಮಿದಾರೆ" ಅಂದೆ. ಅವನು ಚೀಲದಿಂದ ದೊಡ್ಡದೊಂದು ಚಕ್ಕೋತ ತೆಗೆದು, "ಇದನ್ನ ಅವರಿಗೆ ಕೊಡು. ನಮ್ಮ ಬಾವಿ ಹತ್ರದ್ದು ಅನ್ನು, ಗೊತ್ತಾಗುತ್ತೆ," ಅಂದ.

ಇನ್ನೊಂದನ್ನ ಅಲ್ಲೇ ಸುಲಿದೆವು. ಸಿಪ್ಪೆ ಬೆರಳು ದಪ್ಪ, ಒಳಗೆ ತಿಳಿ ಗುಲಾಬಿ ತೊಳೆ. ಪೇಟೆಯಲ್ಲಿ ಸಿಗೋ ಕಹಿ ಇದರಲ್ಲಿಲ್ಲ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಸುಮ್ಮನೆ ಬಂದಿಲ್ಲ. ಅವಳು ಮಗಳಿಗೆ ಅಂತ ನಾಲ್ಕು ತೊಳೆ ಟಿಫಿನ್ ಬಾಕ್ಸ್‌ಗೆ ಹಾಕಿಕೊಂಡಳು. ತಲೆ ಮೇಲೆ ಒಂದು ವಿಮಾನ ಹೋಯಿತು. ಯಾರೂ ಎಣಿಸಲಿಲ್ಲ.

ಕೆಳಗಿಳಿಯುವಾಗ ಅವನು ಮೆಲ್ಲಗೆ ಕೇಳಿದ, "ಹಬ್ಬ ಆದ್ಮೇಲೆ ಭಾನುವಾರ ಹೊಸಕೋಟೆ ಕಡೆ ಹೆಣ್ಣು ನೋಡೋಕೆ ಹೋಗ್ಬೇಕು. ಅಪ್ಪಂಗೆ ಬಸ್ಸಲ್ಲಿ ಆಗಲ್ಲ. ನಿನ್ನ ಕಾರ್ ಸಿಗುತ್ತಾ?"

"ಎಷ್ಟು ಗಂಟೆಗೆ ಬರ್ಲಿ?" ಅಂದೆ.

"ನಾನೂ ಬರ್ತೀನಿ, ಶಿಫ್ಟ್ ಬದಲಾಯಿಸ್ಕೋತೀನಿ," ಅಂದಳು ಅವಳು. "ಹುಡುಗೀನ ನಾವು ನೋಡ್ದೆ ಒಪ್ಕೋಬೇಡ."