ಬಿಸಿನೀರಿನ ಚೀಲ

2012ರ ಮಾತು. ಎರಡು ಮಕ್ಕಳು ಸಾಕೆಂದುಕೊಂಡ ಮೇಲೆ ಮತ್ತೆ ಮುಟ್ಟು ನಿಂತಿತು. ಮಾಯಕೊಂಡದಿಂದ ಬಸ್ಸು ಹತ್ತಿ ದಾವಣಗೆರೆಗೆ ಹೋದೆವು. ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ ಆರು ವಾರವೆಂದರು. ಮೊದಲ ಮಾತ್ರೆಯನ್ನು ಅಲ್ಲೇ ನುಂಗಿದೆ. ಉಳಿದವನ್ನು ಎರಡು ದಿನ ಬಿಟ್ಟು ಮನೆಯಲ್ಲಿ ತೆಗೆದುಕೊಂಡೆ.

ಎರಡು ತಾಸಿಗೆ ಕಿಬ್ಬೊಟ್ಟೆ ಹಿಂಡತೊಡಗಿತು. ಬರೆದುಕೊಟ್ಟಿದ್ದ ಐಬುಪ್ರೊಫೇನ್ ಪಕ್ಕದಲ್ಲೇ ಇತ್ತು. ನುಂಗಲಿಲ್ಲ. ಮಾಡಿದ್ದಕ್ಕೆ ಅನುಭವಿಸಲೇಬೇಕು ಅನ್ನಿಸಿತ್ತು.

ಅತ್ತೆಗೆ ಏನೂ ಹೇಳಿರಲಿಲ್ಲ. ಅವರು ಕೇಳಲೂ ಇಲ್ಲ. "ಮಾತ್ರಿ ಇಟ್ಕಂಡು ಯಾಕವ್ವ ಒದ್ದಾಡ್ತೀಯ?" ಎಂದು ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟರು. ಆಮೇಲೆ ಮೊದಲ ಸಲ ತಮ್ಮ ತಂಗಿಯ ಕಥೆ ಹೇಳಿದರು. ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯಿದೆ ಆಗಿನ್ನೂ ಬಂದಿರಲಿಲ್ಲ. ಯಾರೋ ಕೊಟ್ಟ ನಾಟಿ ಮದ್ದು ಕುಡಿದು, ರಕ್ತ ಹೋಗಿ, ಆಕೆ ತೀರಿಕೊಂಡಿದ್ದಳು.

ತಾಸಿಗೆ ಎರಡು ಪ್ಯಾಡಿನಂತೆ ಸತತ ಎರಡು ತಾಸು ಪೂರ್ತಿ ತೊಯ್ದರೆ, ಮರುದಿನವೂ ಜ್ವರವಿದ್ದರೆ ತಡಮಾಡದೆ ಬರಬೇಕೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅದನ್ನು ಅತ್ತೆಗೂ ಹೇಳಿದೆ. ರಾತ್ರಿಯೆಲ್ಲ ಅವರು ನನ್ನ ಪಕ್ಕದಲ್ಲೇ ಮಲಗಿದರು. ಅಂಥದ್ದೇನೂ ಆಗಲಿಲ್ಲ. ಬೆಳಗಿನ ಜಾವಕ್ಕೆ ನೋವು ಇಳಿಯಿತು.

ಚೀಲ ಆರಿದಾಗೆಲ್ಲ ಅವರೇ ಎದ್ದು ನೀರು ಬದಲಿಸಿದ್ದರು.